ಚೀಟಿ ಬಂದರೆ ಪಾಸು

ಅವರು ತೀರಿಕೊಂಡ ಸುದ್ದಿಯನ್ನು ಗೌರಿ ನನಗೆ ಹೇಳಿದ್ದು ಎರಡನೇ ಲೋಟ ಕಾಫಿ ಕೇಳುವ ನಡುವೆ. "ಇನ್ನೊಂಚೂರು ಹಾಕೇ. ಅಂದಹಾಗೆ ನಮ್ಮ ದೊಡ್ಡಮ್ಮ ಹೋಗಿ ಮೂರು ವಾರ ಆಯ್ತು, ನಿಂಗೆ ಗೊತ್ತಿರ್ಬೇಕಲ್ಲ?" ನನಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಪಾತ್ರೆ ಬೀಳಲಿಲ್ಲ, ಕಣ್ಣಲ್ಲಿ ನೀರೂ ಬರಲಿಲ್ಲ. ಅವಳ ಲೋಟಕ್ಕೆ ಕಾಫಿ ಬಗ್ಗಿಸಿದೆ, ಅಷ್ಟೆ. ಆಲ್ದೂರಿನಿಂದ ಅವರ ಚಿಕ್ಕಮಗಳೂರೇನು ಕಾಶಿಯೇ, ರಾಮೇಶ್ವರವೇ? ಬೆಳಗಿನ ಬಸ್ಸು ಹತ್ತಿದರೆ ಕಚೇರಿ ತೆರೆಯುವ ಹೊತ್ತಿಗೆ ಇಳಿಯಬಹುದು. ಅಷ್ಟು ಹತ್ತಿರದ ಸಾವು ನನ್ನ ತನಕ ಬರಲು ಮೂರು ವಾರ ಬೇಕಾಯಿತು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ನಾನು ಆಲ್ದೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ. ನನ್ನ ಜೊತೆ ಪರೀಕ್ಷೆಗೆ ಕೂತಿದ್ದ ಗೌರಿ ಗಂಡನ ಮನೆಗೆ ಹೋಗುವ ದಾರಿಯಲ್ಲಿ ಇಳಿದು ಬಂದಿದ್ದಳು. ಮೂರು ವಾರದಿಂದ ಬಾಯಲ್ಲಿ ಕಡುಬು ಇಟ್ಟುಕೊಂಡಿದ್ದೆಯಾ ಎಂದು ಅವಳನ್ನು ಗದರಿಬಿಟ್ಟೆ. ಪಾಪ, ಅವಳದೇನೂ ತಪ್ಪಿರಲಿಲ್ಲ. ದೊಡ್ಡಮ್ಮನ ಹತ್ತಿರ ನಾನು ಒಂದು ಮಾತು ಹೇಳುವುದಿತ್ತು. ಹೋದಾಗಲೆಲ್ಲ ಮುಂದಿನ ಸಲ ಹೇಳಿದರಾಯಿತು ಎಂದು ಬಾಯಿ ಮುಚ್ಚಿಕೊಂಡು ಬರುತ್ತಿದ್ದೆ. ಆ ಸಿಟ್ಟು ಗೌರಿಯ ಮೇಲೆ ಹೋಯಿತು.

ದೊಡ್ಡಮ್ಮ ನನಗೆ ನೆಂಟರಲ್ಲ. ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಮೈದುನನ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಹೇಳಹೊರಟಿರುವ ಸಂಗತಿಯನ್ನು ಆ ಮನೆಯವರು ಮಾನ ಹೋದ ಕತೆಯೆಂದೇ ಇಟ್ಟುಕೊಂಡಿದ್ದಾರೆ. ಇಟ್ಟುಕೊಳ್ಳಲಿ.

ನಾನು ಓದುವ ಕಾಲಕ್ಕೆ ನಮ್ಮ ಕಡೆಯ ಮಕ್ಕಳು ಮಿಡ್ಲ್ ಸ್ಕೂಲು ಮುಗಿಸುವ ಲೋಯರ್ ಸೆಕೆಂಡರಿ ಪರೀಕ್ಷೆ ಕಟ್ಟಬೇಕಾದರೆ ಚಿಕ್ಕಮಗಳೂರಿಗೇ ಬರಬೇಕಿತ್ತು. ಮೂಡಿಗೆರೆ, ಗೋಣಿಬೀಡು, ಬಾಳೂರು, ಕಳಸ, ಎಲ್ಲಿಂದಲೋ ಬಸ್ಸು ಹತ್ತಿ, ವಾಂತಿ ಮಾಡಿಕೊಂಡು, ತಗಡಿನ ಪೆಟ್ಟಿಗೆ ಹೊತ್ತು ಇಳಿಯುತ್ತಿದ್ದೆವು. ಊರಲ್ಲಿ ನೆಂಟರಿದ್ದವರಿಗೆ ಚಿಂತೆಯಿಲ್ಲ. ಇಲ್ಲದವರು ದೊಡ್ಡಮ್ಮನ ಮನೆಗೆ ಹೋಗುತ್ತಿದ್ದರು. ಅವರ ಗಂಡ ಕಾಫಿ ಬೀಜದ ಸಣ್ಣ ವ್ಯಾಪಾರಿಯಾಗಿದ್ದವರು. ಅವರು ಹೋದಮೇಲೆ ದೊಡ್ಡಮ್ಮನೇ ಹಿತ್ತಲ ಜಗಲಿಯಲ್ಲಿ ಹೆಂಗಸರನ್ನು ಕೂರಿಸಿ ಬೀಜ ಆರಿಸುವ ಕೆಲಸ ನಡೆಸುತ್ತಿದ್ದರು. ಶಿವಾಚಾರದ ಮನೆ, ಲಿಂಗಪೂಜೆ ಆಗದೆ ಒಲೆ ಹೊತ್ತಿಸುತ್ತಿರಲಿಲ್ಲ. ಸ್ವಂತ ಮಕ್ಕಳಿರಲಿಲ್ಲ. ಪರೀಕ್ಷೆಯ ಹತ್ತು ದಿನ ಆ ಮನೆ ನಮ್ಮದು. ಗಂಡುಮಕ್ಕಳಿಗೆ ಅಟ್ಟ, ನಮಗೆ ದೇವರ ಮನೆ ಪಕ್ಕದ ಕೋಣೆ. ಯಾರೋ ಅಕ್ಕಿ ತರುತ್ತಿದ್ದರು, ಯಾರೋ ಹಲಸಿನಕಾಯಿ. ಏನೂ ತಾರದವರನ್ನು ಅವರು ಏಕೆಂದು ಕೇಳಿದ್ದಿಲ್ಲ.

ನಾನು ಪರೀಕ್ಷೆಗೆ ಹೋದ ವರ್ಷ ನಾವು ಐದು ಜನ. ನಾನು, ಗೌರಿ, ಗೋಣಿಬೀಡಿನ ಮೂವರು ಹುಡುಗರು. ಆ ಮೂವರಲ್ಲಿ ಪುಟ್ಟಸ್ವಾಮಿ ಹಿಂದಿನ ವರ್ಷ ಫೇಲಾಗಿ ಎರಡನೇ ಸಲ ಬಂದವನು, ಆದ್ದರಿಂದ ನಮ್ಮೆಲ್ಲರಿಗಿಂತ ಅನುಭವಸ್ಥ. ನನಗೆ ಹದಿನಾಲ್ಕು. ನನ್ನ ತಂದೆ ಬಾಳೂರು ಕಡೆಯ ಒಬ್ಬ ಬಿಳಿ ದೊರೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಹೊರಡುವ ದಿನ ಅವರು ಕನ್ನಡಕ ಒರೆಸುತ್ತ, ನನ್ನ ಮುಖ ನೋಡದೆ, ಮಾತು ಮುಗಿಸಿದ್ದರು. ಪಾಸಾದರೆ ಮೇಡಂ ಟ್ರೈನಿಂಗಿಗೆ ಕಳಿಸುವುದು, ಫೇಲಾದರೆ ಸೋದರಮಾವನಿಗೆ ಕೊಟ್ಟು ಮದುವೆ ಮಾಡುವುದು. ಇನ್ನೊಂದು ಸಲ ಕಟ್ಟಿಸುವ ಮಾತಿಲ್ಲ. ಸೋದರಮಾವ ಕೆಟ್ಟವನಲ್ಲ, ನನಗಿಂತ ಹದಿನೆಂಟು ವರ್ಷಕ್ಕೆ ದೊಡ್ಡವನು, ಅಷ್ಟೆ. ನಾನು ಕನ್ನಡದಲ್ಲಿ ಗಟ್ಟಿ, ಚರಿತ್ರೆಯಲ್ಲಿ ಗಟ್ಟಿ, ಲೆಕ್ಕದಲ್ಲಿ ದೇವರೇ ಗತಿ.

ದೊಡ್ಡಮ್ಮನನ್ನು ಮೊದಲು ಕಂಡವರಿಗೆ ಭಯವೇ ಆಗಬೇಕು. ಎತ್ತರದ, ಎಲುಬು ಕಾಣುವ ಹೆಂಗಸು. ಹಣೆ ತುಂಬ ವಿಭೂತಿ. ಮಾತಾಡುವಾಗ ನಿಮ್ಮನ್ನು ನೋಡುತ್ತಿರಲಿಲ್ಲ, ನಿಮ್ಮ ಕೈ ನೋಡುತ್ತಿದ್ದರು. ನಾನು ಹೊಸ್ತಿಲು ದಾಟಿದ ಕೂಡಲೇ ಊರು ಯಾವುದು, ಹೆಸರೇನು ಎಂದು ಕೇಳಲಿಲ್ಲ. "ಅಂಗೈ ತೋರ್ಸು" ಎಂದರು. ಹೆಬ್ಬೆರಳಿಂದ ಅಂಗೈ ನಡುವೆ ಒತ್ತಿ ನೋಡಿದರು. ಬೇರೆಯವರು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟುತ್ತಾರೆ, ಇವರು ಹೆದರಿಕೆ ಎಷ್ಟಿದೆ ಎಂದು ಅಂಗೈ ಮುಟ್ಟುತ್ತಿದ್ದರು. "ಬಾವಿ ತೋಡಿದ ಹಾಗೆ ನೀರು ಬಂದಿದೆಯಲ್ಲೇ ಮಾರಾಯ್ತಿ. ಹೋಗು, ಕೈಕಾಲು ತೊಳ್ಕೊಂಡು ಊಟಕ್ಕೆ ಬಾ" ಎಂದರು. ಹೆದರುವುದಿದ್ದರೆ ಊಟ ಆದಮೇಲೆ ಹೆದರಬೇಕು, ಹಸಿದುಕೊಂಡು ಹೆದರಿದರೆ ದೇಹಕ್ಕೆ ಎರಡು ಕೆಲಸವಾಗುತ್ತದೆ ಎನ್ನುವುದು ಅವರ ಸಿದ್ಧಾಂತ.

ಹೆದರುವುದಕ್ಕೆ ಆ ಮನೆಯಲ್ಲಿ ನಿಜವಾಗಿಯೂ ಒಂದು ಹೊತ್ತು ಇತ್ತು. ಮಧ್ಯಾಹ್ನ ಊಟವಾದ ಮೇಲೆ ಹಿತ್ತಲ ಮೆಟ್ಟಿಲಲ್ಲಿ ಎಲ್ಲರೂ ಕೂರಬೇಕು. ಫೇಲಾದರೆ ಏನಾಗುತ್ತದೆ ಎಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಬೇಕು. ಮನಸ್ಸಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮೊದಲ ದಿನ ಪುಟ್ಟಸ್ವಾಮಿ ಅಪ್ಪ ಹೊಡೆಯುತ್ತಾರೆ ಎಂದ. ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುತ್ತ, "ಆಮೇಲೆ?" ಎಂದರು. ಊಟ ಹಾಕುವುದಿಲ್ಲ ಎಂದ. ಆಮೇಲೆ? ಅಮ್ಮ ಕದ್ದು ಹಾಕುತ್ತಾಳೆ. ಆಮೇಲೆ? ಎರಡು ದಿನ ಯಾರೂ ಮಾತಾಡಿಸುವುದಿಲ್ಲ. ಆಮೇಲೆ? ಪುಟ್ಟಸ್ವಾಮಿ ತಲೆ ಕೆರೆದುಕೊಂಡು ಯೋಚಿಸಿ, ಆಮೇಲೆ ಎಮ್ಮೆ ಹೊಡೆದುಕೊಂಡು ಬಾ ಅಂತಾರೆ ಎಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವನೂ ನಕ್ಕ.

ನನ್ನ ಸರದಿ ಬಂತು. ಮದುವೆ ಮಾಡುತ್ತಾರೆ ಎಂದೆ. ಆಮೇಲೆ ಎಂದು ಅವರು ಕೇಳಿದರು. ಮೆಟ್ಟಿಲ ಕೆಳಗೆ ಪಕ್ಕದ ಮನೆಯ ಕೋಳಿಯೊಂದು ಮಣ್ಣು ಕೆದರುತ್ತಿತ್ತು, ಅದನ್ನೇ ನೋಡುತ್ತ ಕೂತೆ. ದೊಡ್ಡಮ್ಮ ಇನ್ನೊಂದು ಸಲ ಕೇಳಲಿಲ್ಲ. ಎಲೆ ಮಡಿಸಿ ಬಾಯಿಗಿಟ್ಟು, ಎದ್ದು ಒಳಗೆ ಹೋದರು. ಅವರಿಗೆ ಮದುವೆಯಾದದ್ದು ಹನ್ನೊಂದನೇ ವಯಸ್ಸಿನಲ್ಲಿ ಎಂದು ನನಗೆ ಗೌರಿ ಆಮೇಲೆ ಹೇಳಿದಳು.

ದೀಪ ಹಚ್ಚುವ ಹೊತ್ತಿಗೆ ಪುಸ್ತಕಗಳೆಲ್ಲ ಅವರ ಕೈ ಸೇರಬೇಕು. ದೇವರ ಗೂಡಿನ ಕೆಳಗಿಟ್ಟು ಬಾಗಿಲು ಹಾಕಿಬಿಡುತ್ತಿದ್ದರು. ಪರೀಕ್ಷೆ ತಲೆಯ ಮೇಲಿರುವಾಗ ಪುಸ್ತಕ ಕಿತ್ತುಕೊಳ್ಳುವವರು ಲೋಕದಲ್ಲಿ ಬೇರೆ ಯಾರಾದರೂ ಇದ್ದಾರೆಯೇ? ಮೊದಲ ದಿನ ನಾನು ಅತ್ತೇಬಿಟ್ಟೆ. ಅವರು ನನ್ನ ಮುಂದೆ ಒಂದು ಮೊರ ತಳ್ಳಿ, ಅದರಲ್ಲಿ ಎರಡು ಬೊಗಸೆ ಕಾಫಿ ಬೀಜ ಸುರಿದರು. ಕಪ್ಪು ಬೀಜ ಒಂದು ಕಡೆ, ಒಡಕು ಒಂದು ಕಡೆ, ಗುಂಡು ಬೀಜ ಒಂದು ಕಡೆ, ಒಳ್ಳೆಯದು ಒಂದು ಕಡೆ. ಐದು ಮಕ್ಕಳು, ಐದು ಮೊರ. ಮೊದಮೊದಲು ಬೀಜ ಮುಟ್ಟಿದರೆ ಭಿನ್ನರಾಶಿ ಕಣ್ಣಿಗೆ ಬರುತ್ತಿತ್ತು. ಅರ್ಧ ಗಂಟೆಯಲ್ಲಿ ಬರೀ ಬೀಜ ಉಳಿಯುತ್ತಿತ್ತು. ಬೆರಳು ತಾನಾಗಿ ಓಡುತ್ತಿತ್ತು, ಆಕಳಿಕೆ ಬರುತ್ತಿತ್ತು, ಮಲಗಿದರೆ ನಿದ್ದೆ ಬರುತ್ತಿತ್ತು.

ಪೇಟೆಯವರು ಸುಮ್ಮನಿರುತ್ತಾರೆಯೇ? ಪರೀಕ್ಷೆ ಮಕ್ಕಳ ಕೈಲಿ ಪುಕ್ಕಟೆ ಬೀಜ ಆರಿಸಿಕೊಳ್ಳುತ್ತಾಳೆ, ಒಂದು ಹೊತ್ತು ಗಂಜಿ ಹಾಕಿ ಹತ್ತು ಆಳಿನ ಕೆಲಸ ತೆಗೆಯುತ್ತಾಳೆ ಎಂದು ಮಾತಾಡಿಕೊಳ್ಳುತ್ತಿದ್ದರು. ನೀರು ಸೇದಲು ಹೋದಾಗ ಪಕ್ಕದ ಮನೆಯಾಕೆ ನನ್ನ ಕಿವಿಗೂ ಹಾಕಿದಳು. ನಾನೂ ನಂಬಿದೆ. ಸುಳ್ಳೇಕೆ ಹೇಳಲಿ, ಮೂರನೇ ದಿನದ ಹೊತ್ತಿಗೆ ನಾನು ಬೇಕೆಂದೇ ಒಡಕನ್ನು ಒಳ್ಳೆಯದರ ಗುಪ್ಪೆಗೆ ಸೇರಿಸುತ್ತಿದ್ದೆ.

ನಾಲ್ಕನೇ ದಿನ ಬೆಳಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದೆ. ದೊಡ್ಡಮ್ಮ ಕುಕ್ಕರುಗಾಲಲ್ಲಿ ಕೂತು, ನಾವು ಹಿಂದಿನ ಸಂಜೆ ಆರಿಸಿಟ್ಟ ಬೀಜವನ್ನೆಲ್ಲ, ಕಪ್ಪು, ಒಡಕು, ಗುಂಡು, ಒಳ್ಳೆಯದು, ಒಂದೇ ಕುಕ್ಕೆಗೆ ಸುರಿದು ಎರಡೂ ಕೈಯಿಂದ ಕಲಸುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನಾವು ಅಷ್ಟು ಹೊತ್ತು ಕಣ್ಣು ಬಾತುಹೋಗುವಂತೆ ಆರಿಸಿದ್ದು ದಂಡವೇ ಎಂದು ಕೇಳಿದೆ. ಅವರೇನೂ ಗಾಬರಿಯಾಗಲಿಲ್ಲ. "ಇದು ಆರು ವರ್ಷದ ಹಳೇ ಬೀಜ ಕಣೇ. ಹುಳ ಹಿಡ್ದಿದೆ, ಯಾರೂ ಕುಡಿಯೋ ಹಾಗಿಲ್ಲ. ನಿಮ್ಮ ಕೈಗೆ ಅಂತ್ಲೇ ಇಟ್ಟಿದೀನಿ" ಎಂದರು. ವರ್ಷವರ್ಷವೂ ಬರುವ ಮಕ್ಕಳು ಅದನ್ನೇ ಆರಿಸುತ್ತಿದ್ದರು, ದಿನಾ ಬೆಳಗ್ಗೆ ಅವರು ಅದನ್ನೇ ಕಲಸಿಡುತ್ತಿದ್ದರು. ನಾನು ಒಡಕು ಸೇರಿಸಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ.

ಇನ್ನೊಂದು ಕಟ್ಟುನಿಟ್ಟೆಂದರೆ ಗಟ್ಟಿಯಾಗಿ ಓದುವುದು. ಬೆಳಗ್ಗೆ ಅವರು ಅಡುಗೆ ಮಾಡುವಾಗ ಒಬ್ಬರಾದಮೇಲೆ ಒಬ್ಬರು ಓದಬೇಕು, ದನಿ ಒಲೆಯ ತನಕ ಕೇಳಿಸಬೇಕು. ಒಂದು ದಿನ ನಾನು ಎರಡನೇ ಪಾಣಿಪತ್ ಕದನವನ್ನು ಬಾಬರನ ಲೆಕ್ಕಕ್ಕೆ ಹಾಕಿ ಓಡಿಸುತ್ತಿದ್ದೆ. ಒಳಗಿನಿಂದ, ರೊಟ್ಟಿ ತಟ್ಟುವ ಸದ್ದಿನ ನಡುವೆ, ಅದು ಬಾಬರನದಲ್ಲ, ಅಕ್ಬರನ ಕಾಲದ್ದು, ಸರಿಯಾಗಿ ನೋಡು ಎಂದು ಕೇಳಿಸಿತು. ಪುಸ್ತಕ ನೋಡಿದೆ. ಹೌದು. ನಮಗೆ ಆಶ್ಚರ್ಯವಾಯಿತು, ಆಮೇಲೆ ನಾವೇ ಸಮಾಧಾನ ಮಾಡಿಕೊಂಡೆವು. ಹತ್ತು ವರ್ಷ ಅದನ್ನೇ ಕೇಳಿದರೆ ಗಿಣಿಗೂ ಬರುತ್ತದೆ ಎಂದಳು ಗೌರಿ.

ಪರೀಕ್ಷೆ ಶುರುವಾಯಿತು. ಮೊದಲ ದಿನ ಕನ್ನಡ. ಆ ವಾರವೇ ಹೂಮಳೆ ಬಿದ್ದು ಊರಾಚೆಯ ತೋಟಗಳಲ್ಲೆಲ್ಲ ಕಾಫಿ ಹೂ ಬಿಟ್ಟಿತ್ತು, ಹೈಸ್ಕೂಲಿನ ಹಾಲಿನ ಒಳಗೂ ಅದರ ವಾಸನೆ. ದೊಡ್ಡಮ್ಮ ಬೆಳಗ್ಗೆ ನಮಗೆ ಅಕ್ಕಿರೊಟ್ಟಿ ಬೆಣ್ಣೆ ಹಾಕಿ, ಒಬ್ಬೊಬ್ಬರ ಅಂಗೈ ಒತ್ತಿ, ಬಾಗಿಲ ತನಕ ಬಂದು ಕಳಿಸಿದ್ದರು. ಹಾಲಿನ ತುಂಬ ಹುಡುಗರು. ಹುಡುಗಿಯರು ನಾಲ್ಕೇ ಜನ, ನಮ್ಮನ್ನು ಗೋಡೆಯ ಬದಿಗೆ ಒಂದು ಸಾಲಿನಲ್ಲಿ ಕೂರಿಸಿದ್ದರು. ಆ ಸಾಲಿನ ಐದನೇ ಡೆಸ್ಕು, ನನ್ನ ಬಲಪಕ್ಕದ್ದು, ಖಾಲಿ ಇತ್ತು. ಯಾವುದೋ ಹುಡುಗಿ ಹೆದರಿ ಬಂದಿಲ್ಲ ಎಂದುಕೊಂಡೆ.

ಬೆಲ್ಲು ಹೊಡೆಯುವುದಕ್ಕೂ ದೊಡ್ಡಮ್ಮ ಬಾಗಿಲಲ್ಲಿ ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಊರಿಂದ ಏನೋ ಕೆಟ್ಟ ಸುದ್ದಿ ಬಂದಿದೆ, ಅಪ್ಪನಿಗೋ ಅಮ್ಮನಿಗೋ ಏನೋ ಆಗಿದೆ ಎಂದೇ ಎದ್ದು ನಿಂತೆ. ಸೂಪರ್ವೈಸರೂ ಅಂಥದ್ದೇ ಏನೋ ತಿಳಿದುಕೊಂಡು, "ತಾಯಿ, ಈಗ ಒಳಗೆ ಬರೋ ಹಾಗಿಲ್ಲ. ಯಾವ ಹುಡುಗನ ಕಡೆಯವರು ನೀವು?" ಎಂದರು. ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಕಾಗದ ತೆಗೆದು ಕೊಟ್ಟರು. "ಯಾರ ಕಡೆಯವಳೂ ಅಲ್ಲ ಸ್ವಾಮಿ. ನನ್ನ ನಂಬರು ಅದರಲ್ಲಿದೆ, ನೋಡಿ."

ಸೂಪರ್ವೈಸರು ಕಾಗದ ಓದಿದರು, ಅವರ ಮುಖ ನೋಡಿದರು, ಮತ್ತೆ ಓದಿದರು. ಖಾಸಗಿಯಾಗಿ ಕಟ್ಟಿದ ಅಭ್ಯರ್ಥಿ. ವಯಸ್ಸು ನಲವತ್ತೇಳು. ಹುಡುಗರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಹಾಲೇ ನಕ್ಕಿತು. ದೊಡ್ಡಮ್ಮ ಯಾರನ್ನೂ ನೋಡದೆ ನಡೆದು ಬಂದು ಐದನೇ ಡೆಸ್ಕಿನಲ್ಲಿ ಕೂತರು. ಮೊಣಕಾಲು ಒಳಗೆ ಹಿಡಿಸಲಿಲ್ಲ, ಪಕ್ಕಕ್ಕೆ ಚಾಚಿಕೊಂಡರು. ಬಟ್ಟೆಯಲ್ಲಿ ಸುತ್ತಿದ್ದ ಮಸಿಕುಡಿಕೆ ತೆಗೆದು ಮೇಲಿಟ್ಟರು. ಎರಡು ಗಂಟೆ ಮುಂಚೆ ನನಗೆ ರೊಟ್ಟಿ ಹಾಕಿದ ಕೈ ಅದು. ನನ್ನ ಪ್ರಶ್ನೆಪತ್ರಿಕೆ ಬಂದು ಎಷ್ಟೋ ಹೊತ್ತಿನ ತನಕ ನಾನು ಅದನ್ನು ತಿರುಗಿಸಿಯೂ ನೋಡಲಿಲ್ಲ. ಅಷ್ಟು ವರ್ಷ ಅಡುಗೆಮನೆಯಿಂದ ಅವರು ಗಟ್ಟಿಯಾಗಿ ಓದಿಸಿದ್ದು ಯಾರಿಗಾಗಿ ಎಂದು ಆಗ ಗೊತ್ತಾಯಿತು.

ಮನೆಗೆ ಬಂದ ಮಕ್ಕಳ ಪ್ರಶ್ನೆಪತ್ರಿಕೆಯನ್ನು ಬಾಗಿಲಲ್ಲೇ ಇಸಿದುಕೊಂಡು ಉಪ್ಪಿನಕಾಯಿ ಭರಣಿಯ ಕೆಳಗೆ ಇಡುವುದು ಅವರ ಪದ್ಧತಿ. ಬರೆದದ್ದನ್ನು ಮತ್ತೆ ಎಣಿಸುತ್ತ ಕೂರಬಾರದು ಎಂದು. ಅವತ್ತು ನಮ್ಮ ಐದರ ಜೊತೆ ತಮ್ಮದನ್ನೂ ಇಟ್ಟು, ಏನೂ ಆಗದವರಂತೆ ಅಕ್ಕಿ ತೊಳೆಯಲು ಹೋದರು. ನಾನು ಬಿಡಲಿಲ್ಲ. ನಮಗೊಂದು ಮಾತು ಹೇಳಬಾರದಿತ್ತೇ ಎಂದು ಬೆನ್ನು ಹತ್ತಿದೆ. ಅವರು ಅಕ್ಕಿಯ ನೀರು ಬಸಿಯುತ್ತ, "ಹೇಳಿದ್ರೆ ನೀವೆಲ್ಲ ಸೇರಿ ನಂಗೆ ಧೈರ್ಯ ಹೇಳ್ತಿದ್ರಿ. ನಂಗೆ ಹೇಳಿ ಗೊತ್ತು, ಹೇಳಿಸ್ಕೊಂಡು ಗೊತ್ತಿಲ್ಲ" ಎಂದರು. ಏಕೆ ಕಟ್ಟಿದಿರಿ ಎಂದು ಗೌರಿ ಕೇಳಿದಳು. ಪ್ರತಿ ವರ್ಷ ಯಾರ ಯಾರದೋ ನಂಬರು ಹುಡುಕುತ್ತೇನೆ, ಒಂದು ಸಲ ನನ್ನದು ಹುಡುಕಬೇಕು ಅನ್ನಿಸಿತು ಎಂದರು. ಅದನ್ನು ಹೇಳುವಾಗ ಅವರು ನಮ್ಮ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು.

ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಯಿತು. ಮೈದುನ ಬಂದು ಬೀದಿ ಬಾಗಿಲಲ್ಲಿ ನಿಂತು, ನಮ್ಮ ಮನೆತನದ ಮುಖಕ್ಕೆ ಮಸಿ ಬಳಿಯಲು ಹೊರಟಿದ್ದೀಯಾ, ಮೊಮ್ಮಕ್ಕಳ ವಯಸ್ಸಿನವರ ಜೊತೆ ಕೂತು ಬರೆಯುವುದಕ್ಕೆ ನಾಚಿಕೆಯಾಗಬೇಡವೇ ಎಂದು ಹಾರಾಡಿದ. ದೊಡ್ಡಮ್ಮ, ನಾಳೆ ಇಂಗ್ಲಿಷ್ ಇದೆ, ಪರೀಕ್ಷೆ ಮುಗಿದ ಮೇಲೆ ಬಂದು ಎಷ್ಟು ಬೇಕೋ ಅಷ್ಟು ಬಯ್ಯಿ ಎಂದು ಬಾಗಿಲು ಹಾಕಿಕೊಂಡರು. ನಾವು ಅಟ್ಟದ ಮೆಟ್ಟಿಲಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆವು. ಅವರಿಗೆ ಏನೂ ತಾಗುವುದಿಲ್ಲ, ಕಬ್ಬಿಣದ ಕಡಲೆ ಎಂದು ನಾನು ನಂಬಿದ್ದೆ.

ಲೆಕ್ಕದ ದಿನ ಆ ನಂಬಿಕೆ ಹೋಯಿತು. ಮೊದಲ ಲೆಕ್ಕವೇ ತೊಟ್ಟಿಗೆ ಎರಡು ನಲ್ಲಿ, ಒಂದು ತುಂಬುತ್ತದೆ, ಒಂದು ಖಾಲಿ ಮಾಡುತ್ತದೆ. ನಾನು ಹುಟ್ಟಿದಾಗಿನಿಂದ ನಲ್ಲಿಯನ್ನೇ ನೋಡಿದವಳಲ್ಲ. ಅಕ್ಷರಗಳೆಲ್ಲ ಕದಡಿಹೋದವು. ಕಣ್ಣ ಮುಂದೆ ಸೋದರಮಾವನ ಮೀಸೆ. ಧೈರ್ಯಕ್ಕೆಂದು ಬಲಕ್ಕೆ ತಿರುಗಿ ದೊಡ್ಡಮ್ಮನನ್ನು ನೋಡಿದೆ.

ಅವರು ಬರೆಯುತ್ತಿರಲಿಲ್ಲ. ಲೇಖನಿ ಹಿಡಿದಿದ್ದ ಕೈ ಥರಥರ ನಡುಗುತ್ತಿತ್ತು. ಮಸಿ ತೊಟ್ಟಿಕ್ಕಿ ಹಾಳೆಯ ಮೇಲೆ ನಾಲ್ಕೈದು ಕಡೆ ಹರಡಿತ್ತು. ಒಂದು ಸಲ ಅಂಗೈಯನ್ನು ಸೀರೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ಆಮೇಲೆ ಲೇಖನಿ ಕೆಳಗಿಟ್ಟು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಕೂತರು. ತುಟಿ ಅಲ್ಲಾಡುತ್ತಿತ್ತು. ಕಿವಿಯಲ್ಲಿ ಕೇಳಿ ಕಲಿತವರು, ಚರಿತ್ರೆ ಭೂಗೋಳ ಬಾಯಲ್ಲಿ ಇತ್ತು. ಲೆಕ್ಕವನ್ನು ಯಾವ ಹುಡುಗ ಗಟ್ಟಿಯಾಗಿ ಓದಿದ್ದ? ಲೆಕ್ಕವನ್ನು ನಾವೆಲ್ಲ ಸ್ಲೇಟಿನಲ್ಲಿ, ಬಾಯಿ ಮುಚ್ಚಿಕೊಂಡು, ಮಾಡುತ್ತಿದ್ದೆವು. ಅದು ಅವರಿಗೆ ಮೊದಲೇ ಹೊಳೆಯಲಿಲ್ಲವೇ ಎಂದು ಈಗಲೂ ನನಗೆ ಆಶ್ಚರ್ಯ. ಇಷ್ಟು ಮಕ್ಕಳ ಹೆದರಿಕೆ ಬಿಡಿಸಿದವರು ಹೀಗೆ ನಡುಗುವುದೆಂದರೆ! ನನಗೆ ನೋಡಲಾಗಲಿಲ್ಲ.

ನಾಚಿಕೆಗೇಡಿನ ಮಾತು, ಆದರೂ ನಿಜ ಹೇಳುತ್ತೇನೆ. ಅವರು ಹೆದರಿದ್ದು ನೋಡಿ ನನಗೆ ಧೈರ್ಯ ಬಂತು. ದೊಡ್ಡಮ್ಮನಿಗೇ ಹೀಗಾಗುವುದಾದರೆ ನನಗಾಗುತ್ತಿರುವುದೇನು ದೊಡ್ಡ ರೋಗವಲ್ಲ ಎನ್ನಿಸಿತು. ನಲ್ಲಿಯನ್ನು ಬಿಟ್ಟು ಎರಡನೇ ಲೆಕ್ಕಕ್ಕೆ ಹೋದೆ. ಅದು ಬಂತು, ಮೂರನೆಯದೂ ಬಂತು. ಆಮೇಲೆ ನಾನು ಬಲಕ್ಕೆ ತಿರುಗಲಿಲ್ಲ. ತಿರುಗಿದರೆ ನನ್ನದೂ ನಿಂತುಹೋದೀತು ಎಂದು ಬೇಕೆಂದೇ ತಿರುಗಲಿಲ್ಲ. ಮನೆಗೆ ನಡೆಯುವಾಗ ಅವರು ಹುಣಿಸೆಮರದ ನೆರಳಲ್ಲಿ ನಿಂತು, ನಿನಗೆ ಆಯಿತೇ ಎಂದು ಮಾತ್ರ ಕೇಳಿದರು. ಆಯಿತು ಎಂದೆ. ಅವರ ಮುಖ ಅಷ್ಟಗಲ ಅರಳಿತು. ನಿಮಗೆ ಎಂದು ನಾನು ಕೇಳಲಿಲ್ಲ, ಕಂಡಿದ್ದೆನಲ್ಲ.

ಪರೀಕ್ಷೆ ಮುಗಿಸಿ ನಾವು ನಮ್ಮ ನಮ್ಮ ಊರಿಗೆ ಹೋದೆವು. ರಿಸಲ್ಟನ್ನು ಹೈಸ್ಕೂಲಿನ ಬೋರ್ಡಿಗೆ ಅಂಟಿಸುತ್ತಿದ್ದದ್ದು ಬೇಸಿಗೆಯ ಕೊನೆಗೆ. ತಮ್ಮ ಮನೆಯಲ್ಲಿ ಇದ್ದುಹೋದ ಮಕ್ಕಳ ನಂಬರುಗಳನ್ನೆಲ್ಲ ದೊಡ್ಡಮ್ಮನೇ ಹೋಗಿ ನೋಡಿ ಊರಿಗೆ ತಿಳಿಸುತ್ತಿದ್ದರು. ಅದರ ಕ್ರಮವನ್ನು ನನಗೆ ಪುಟ್ಟಸ್ವಾಮಿ ಹೊರಡುವ ದಿನ ವಿವರಿಸಿದ್ದ. ಪಾಸಾದವರಿಗೆ ಬಸ್ಸಿನ ಕಂಡಕ್ಟರ ಕೈಲಿ ಚೀಟಿ ಬರುತ್ತದೆ. ಫೇಲಾದವರಿಗೆ ಚೀಟಿ ಇಲ್ಲ, ಅವರ ಮನೆಗೆ ದೊಡ್ಡಮ್ಮನೇ ಬರುತ್ತಾರೆ. ಹಿಂದಿನ ವರ್ಷ ಅವನ ಮನೆಗೆ ಬಂದಿದ್ದರು. ಅವರು ಜಗಲಿಯಲ್ಲಿ ಕೂತಿರುವಷ್ಟು ಹೊತ್ತು ಅಪ್ಪ ಕೈ ಎತ್ತಲಿಲ್ಲವಂತೆ, ಬಂದವರ ಎದುರಿಗೆ ಮಗನನ್ನು ಹೊಡೆಯುವುದು ಹೇಗೆ? ಮರಳಿ ಹೋಗುವ ಬಸ್ಸು ಬರುವ ಹೊತ್ತಿಗೆ ಸಿಟ್ಟು ಅರ್ಧ ಇಳಿದಿತ್ತು. "ಫೇಲ್ ಆದೋರ ಪಕ್ಕ ಅವತ್ತೊಂದಿನ ಯಾರಾದ್ರೂ ಕೂತಿರ್ಬೇಕು" ಎಂದು ಅವನ ಅಮ್ಮನಿಗೆ ಹೇಳಿ ಹೋಗಿದ್ದರಂತೆ. ಆದ್ದರಿಂದ ನಮ್ಮ ಕಡೆ ಆ ದಿನಗಳಲ್ಲಿ ಮಕ್ಕಳಿದ್ದ ಮನೆಯವರೆಲ್ಲ ಬಸ್ಸಿಂದ ಯಾರು ಇಳಿಯುತ್ತಾರೆ ಎಂದು ಜೀವ ಕೈಯಲ್ಲಿ ಹಿಡಿದು ನೋಡುತ್ತಿದ್ದರು.

ನಾನೂ ನೋಡುತ್ತಿದ್ದೆ. ನಮ್ಮ ಮನೆಯ ಜಗಲಿಯಿಂದ ಕೆಳಗಿನ ರಸ್ತೆ ಕಾಣುತ್ತಿತ್ತು. ಎರಡು ದಿನ ಬಸ್ಸು ನಿಲ್ಲದೆ ಹೋಯಿತು. ಮೂರನೇ ದಿನ ಮಧ್ಯಾಹ್ನ ನಿಂತಿತು. ಕಂಡಕ್ಟರು ಇಳಿಯಲಿಲ್ಲ, ಚೀಟಿ ಹಿಡಿದ ಕೈ ಹೊರಗೆ ಬರಲಿಲ್ಲ. ದೊಡ್ಡಮ್ಮ ಇಳಿದರು.

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಕನ್ನಡಕ ತೆಗೆದು ಜೇಬಿಗಿಟ್ಟು, ಆಯಿತಲ್ಲ, ನಿನ್ನ ತಮ್ಮನಿಗೆ ಕಾಗದ ಬರೆಯುತ್ತೇನೆ ಎಂದು ಅಮ್ಮನಿಗೆ ಹೇಳಿದರು. ದೊಡ್ಡಮ್ಮ ಏರು ಹತ್ತಿ ಬರುವುದಕ್ಕೆ ಹಿಡಿದದ್ದು ಹತ್ತು ನಿಮಿಷವಿರಬಹುದು. ಅಷ್ಟರಲ್ಲಿ ನಾನು ಮದುವೆಯಾಗಿ, ಮಕ್ಕಳನ್ನು ಹೆತ್ತು, ಮುದುಕಿಯಾಗಿಬಿಟ್ಟಿದ್ದೆ.

ಅವರು ಬಂದು ಜಗಲಿಯಲ್ಲಿ ಕೂತು, ನೀರು ಕೇಳಿ ಕುಡಿದು, ಅಪ್ಪನ ಕಡೆ ತಿರುಗಿದರು. "ಹುಡುಗಿ ಪಾಸು. ಸೆಕೆಂಡ್ ಕ್ಲಾಸು. ಟ್ರೈನಿಂಗಿಗೆ ಕಳಿಸ್ತೀನಿ ಅಂದಿದ್ರಂತೆ, ಕಳಿಸಿ."

ಅಪ್ಪ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ನೀವು ಇಳಿದದ್ದು ನೋಡಿ ನಮ್ಮ ಜೀವವೇ ಹಾರಿತ್ತಲ್ಲ ಎಂದು ಗಟ್ಟಿಯಾಗಿ ನಕ್ಕು, ಮೇಸ್ತ್ರಿಗೆ ಹೇಳಿಬರುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದರು. ಅಮ್ಮ ಪಾಯಸಕ್ಕೆ ಬೆಲ್ಲ ಕುಟ್ಟಲು ಒಳಗೆ ಓಡಿದಳು. ನಾನು ದೊಡ್ಡಮ್ಮನ ಕಾಲಿಗೆ ಬಿದ್ದೆ, ಎದ್ದೆ, ಲೈನಿನ ಕಡೆ ಓಡಿದೆ. ಆಳುಗಳ ಆ ಸಾಲುಮನೆಯ ಒಂದೊಂದು ಬಾಗಿಲಿಗೂ ಹೋಗಿ ಪಾಸಾದೆ ಎಂದೆ. ಆಸ್ಪತ್ರೆ ಕಂಪೌಂಡರ ಮನೆಗೆ, ಬಾವಿಕಟ್ಟೆಗೆ, ದನದ ಕೊಟ್ಟಿಗೆಗೆ. ಎಲ್ಲರೂ ಬೆಲ್ಲ ಕೊಟ್ಟರು, ಎಲ್ಲರ ಹತ್ತಿರವೂ ತಿಂದೆ. ಮರಳಿ ಬಂದಾಗ ಜಗಲಿ ಖಾಲಿ. ಬಸ್ಸು ಹೋಗಿತ್ತು. ನನಗೆ ಒಂದು ಮಾತು ಹೇಳದೆ ಹೊರಟುಬಿಟ್ಟರಲ್ಲ ಎಂದು ಬೇಸರವೂ ಆಯಿತು.

ಸಂಜೆ ಪಾಯಸ ಬಡಿಸುವಾಗ ಅಮ್ಮ ಹೇಳಿದಳು. "ಪಾಪ, ಅವ್ರದ್ದು ಫೇಲಂತೆ ಕಣೇ. ಲೆಕ್ಕದಲ್ಲಿ ಹೋಯ್ತು ಅಂದ್ರು. ಹೊರಡೋವಾಗ ಅವ್ರೇ ಹೇಳಿದ್ರು."

ನೀನೇನು ಹೇಳಿದೆ ಎಂದು ಕೇಳಿದೆ. "ಎಂಥ ಹೇಳೋದು? ಈ ವಯಸ್ಸಲ್ಲಿ ಪಾಸಾಗಿ ಏನಾಗ್ಬೇಕು ಬಿಡಿ ಅಂದೆ. ಹೌದು ಅಂದ್ರು. ನಿನ್ನ ಕೇಳಿದ್ರು. ಲೈನಿಗೆ ಹೋಗಿದಾಳೆ, ಕರೆಸ್ಲಾ ಅಂದೆ. ಬೇಡ, ಖುಷೀಲಿದಾಳೆ ಅಂದ್ರು."

ಪಾಸಾದವಳಿಗೆ ಚೀಟಿ ಸಾಕಿತ್ತು. ಪಾಸಾದವರ ಮನೆಗೆ ಅವರು ಬರುವ ಪದ್ಧತಿಯೇ ಇರಲಿಲ್ಲ. ಅವರು ಕೂತಿದ್ದ ಡೆಸ್ಕಿನ ಪಕ್ಕದಲ್ಲಿ ಕೂತು, ಅವರ ಕೈ ನಡುಗಿದ್ದನ್ನು ಕಣ್ಣಾರೆ ಕಂಡವಳು ಇಡೀ ಲೋಕದಲ್ಲಿ ನಾನೊಬ್ಬಳೇ. ಅದಕ್ಕೇ ಅಷ್ಟು ದೂರ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅದು ನನಗೆ ಗೊತ್ತಾಯಿತು ಎಂಬ ಒಂದು ಮಾತೇ ಆಮೇಲೆ ಹೋದಾಗಲೆಲ್ಲ ನನ್ನ ಬಾಯಿಂದ ಬರಲಿಲ್ಲ. ಎಷ್ಟು ಹೊತ್ತು ಇದ್ದರು ಎಂದು ಅಮ್ಮನನ್ನು ಕೇಳಿದೆ. ಬಸ್ಸು ತಿರುಗಿ ಬರುವ ತನಕ, ಒಂದೂವರೆ ಗಂಟೆ ಎಂದಳು. ಯಾರ ಜೊತೆ ಮಾತಾಡುತ್ತಿದ್ದರು ಎಂದು ಕೇಳಿದೆ. ಯಾರ ಜೊತೆಗೂ ಇಲ್ಲ, ಒಬ್ಬರೇ ಕೂತಿದ್ದರು ಎಂದಳು.